ಇದ್ದಲಿ ಗೀಟು

ವಾಡಿ ಟೇಸನ್ ಹೊರಗ ನಮ್ಮದೊಂದು ಆಮ್ಲೇಟ್ ಬಂಡಿ.
ಅವತ್ತು ಸೋಲಾಪುರದ ಗಾಡಿ ಮೂರು ತಾಸು ತಡ,
ತತ್ತಿ ಹಾಕೋ ಟೆಂಪೋ ಬಂದೇ ಇಲ್ಲ,
ಟ್ರೇದಾಗ ಉಳಿದದ್ದು ಎರಡು, ಅದರಾಗೊಂದು ಸೀಳು.
ಬೆಂಚಿನ ಮ್ಯಾಲ ಹಸದ ಮಂದಿ
ಉಳ್ಳಾಗಡ್ಡಿ ವಾಸನಿ ಕುಡದು ಕುಂತಿದ್ರು.
"ಮನ್ಯಾಗ ಇದ್ರ ತಗೊಂಡು ಬಾ," ಅಂದ ಮರೆಪ್ಪ,
ನನ್ನ ಮಾರಿ ನೋಡದಂಗ.
ಮನ್ಯಾಗ ಎಲ್ಲಿ ಅವ ಅಂತ ಅವಗೂ ಗೊತ್ತು.

ಜ್ವಾಳದ ಚೀಲದ ಹಿಂದ, ಹರಕ ಹೆಡಿಗ್ಯಾಗ
ಕಾವಿಗೆ ಕುಂತದ ಚುಕ್ಕಿ ಹ್ಯಾಂಟಿ.
ಹತ್ತು ದಿನ ಆಗ್ಯಾವ. ಕಾಳು ಹಾಕಿದ್ರ ಏಳಂಗಿಲ್ಲ,
ದಿನಕ್ಕೊಮ್ಮೆ ನೀರಿಗಿ ಹೋಗಿ, ಓಡಿ ಬಂದು, ರೆಕ್ಕಿ ಹರವಿ
ಒಳ್ಳಿನಂಗ ಕೂಡ್ತದ.
ಕೆಳಗ ಒಂಬತ್ತು ನಾನೇ ಇಟ್ಟೀನಿ,
ಒಂದೊಂದಕ್ಕೂ ಇದ್ದಲಿ ಗೀಟು ಎಳದು,
ಗುಡುಗಿಗಿ ಕೆಡಬಾರದಂತ ಮೂಲ್ಯಾಗೊಂದು ಕಬ್ಬಿಣದ ಮೊಳಿ.

ಕೈ ಹಾಕಿದೆ. ಮಣಿಕಟ್ಟಿಗೆ ಕುಕ್ಕಿತು.
ಎಣಿಸಿದೆ: ಹದಿನಾಕು.
ಐದಕ್ಕ ಗೀಟಿಲ್ಲ.
ಚಾಂದ್‌ಬಿ ಮನಿ ಕೆಂಪು ಹ್ಯಾಂಟಿ ಹಿತ್ತಲದಿಂದ ಬಂದು
ತನ್ನ ಭಾರ ಇದರ ಹೊಟ್ಟಿ ಕೆಳಗ ಇಳಿಸಿ ಹೋಗಿರಬೇಕು.
ಯಾವತ್ತು, ಯಾರಿಗಿ ಗೊತ್ತು?
ನಿನ್ನೆ ಇಟ್ಟಿದ್ರ ಅದು ತತ್ತಿ.
ವಾರ ಆಗಿದ್ರ ಅದಕ್ಕ ಹೆಸರು ಬ್ಯಾರೆ.
ಅದೂ ವೈಶಾಖ. ನಮ್ಮ ಹಾಸುಗಲ್ಲಿನ ನೆಲ
ರಾತ್ರಿ ಹತ್ತಕ್ಕೂ ಸುಡ್ತದ;
ಕೋಳಿ ಎದ್ದರೂ ಕಲ್ಲು ಏಳಂಗಿಲ್ಲ.

ಅತ್ತಿ ಸಾಬಮ್ಮ ಹೊರಸಿನ ಮ್ಯಾಲಿಂದೇ ಅಂದಳು:
"ನೀರಾಗ ಬಿಡು. ಮುಳಗಿದ್ರ ಚಲೋ, ನಿಂತ್ರ ಅನುಮಾನ,
ತೇಲಿದ್ರ ತಿಪ್ಪಿಗಿ."
ಬಕೀಟಿನಾಗ ಬಿಟ್ಟೆ. ಐದೂ ಮುಳಗಿದವು.
"ತಡಿ. ನೀರು ವಯಸ್ಸು ಹೇಳ್ತದ, ಜೀವ ಹೇಳಂಗಿಲ್ಲ.
ಲೈಟು ಆರಸು."

ಮೊಬೈಲಿನ ಬ್ಯಾಟರಿ ಹಚ್ಚಿ, ಸುತ್ತ ಅಂಗೈ ಮುಚ್ಚಿ,
ಒಂದೊಂದೇ ಬೆಳಕಿನ ಮ್ಯಾಲ ಇಟ್ಟೆ.
ಮೊದಲನೇದು ಬರೇ ಹಳದಿ, ಸಂಜಿ ಧೂಳಿನಂಗ.
ಎರಡು, ಮೂರು, ನಾಕು, ಹಂಗೇ.
ಐದನೇದರಾಗ ಒಂದು ಜೇಡ.
ಕೆಂಪು ದಾರದ ಕಾಲು, ನಡುವ ಸಾಸಿವಿಯಷ್ಟು ಚುಕ್ಕಿ
ಮಿಡೀತು. ನಾ ಉಸರು ಹಿಡದೆ.
ಅದು ಹಿಡೀಲಿಲ್ಲ.

ಅತ್ತಿ ಏನೂ ಕೇಳಲಿಲ್ಲ.
ಒಲಿಯಿಂದ ಇದ್ದಲಿ ಚೂರೊಂದು ಚಾಚಿದಳು.

ನಾಕು ತತ್ತಿ ಸೆರಗಿನಾಗ. ಹಾದಿ ತುಂಬ ನನ್ನ ಹೊಟ್ಟಿಗಿ ಬಿಸಿ.
ಮರೆಪ್ಪ ಸೀದಾ ಬೋಗಣಿಗಿ ಒಡೀಲಿಲ್ಲ,
ಒಂದೊಂದೇ ಚಾದ ಗ್ಲಾಸಿಗಿ ಒಡದು, ಮೂಸಿ, ಆಮ್ಯಾಲ.
ಕಡೀದು ಸ್ವಲ್ಪ ನೀರು ನೀರು, ಹಳದಿ ಚಪ್ಪಟಿ.
ವಾಸನಿ ಇಲ್ಲ. ಆದ್ರೂ ಬಾಜು ಇಟ್ಟ.
ಸಿಮೆಂಟ್ ಲಾರಿಯ ಹುಡುಗೊಬ್ಬ ಕೇಳಿದ, "ತಾಜಾ ಏನಣ್ಣ?"
"ಮನೀವು," ಅಂದ ಮರೆಪ್ಪ. ಸುಳ್ಳೇನಲ್ಲ.
ಬಾಜು ಇಟ್ಟಿದ್ದನ್ನ ಖಾರ ಹಾಕಿ, ಅಂಚು ಕಪ್ಪಾಗೂತನ ಸುಟ್ಟು
ನಾನೇ ತಿಂದೆ.
ರಾತ್ರಿಯೆಲ್ಲ ಹೊಟ್ಟಿ ಮ್ಯಾಲ ಕೈ ಇಟ್ಟು ಮಲಗಿದೆ.
ಏನೂ ಆಗಲಿಲ್ಲ.

ಚಾಂದ್‌ಬಿಗಿ ರೊಕ್ಕ ಕೊಡಲಾಕ ಹೋದ್ರ ಅಕಿ ನಕ್ಕಳು:
"ನನ್ನ ಹ್ಯಾಂಟಿ ತತ್ತಿ ಇಡೋದು ಬಿಟ್ಟು ತಿಂಗಳಾತಲ್ಲ!"

ಮುಂದ ಹನ್ನೊಂದು ದಿನಕ್ಕ ಒಂಬತ್ತರಾಗ ಏಳು ಮರಿ.
ಮರುದಿನ ಅವುನ್ನ ಕಟಗೊಂಡು ಹ್ಯಾಂಟಿ ಅಂಗಳಕ್ಕ ನಡೀತು.
ಹತ್ತನೇ ಗೀಟಿಗಿ ಇನ್ನಾ ಐದಾರು ದಿನ ಬೇಕಿತ್ತು.
ಹಿಡದು ತಂದು ಕೂಡಿಸಿದೆ, ಎದ್ದು ಹೋತು.
ಹೆಡಿಗಿ ಮುಚ್ಚಿದೆ, ಕೂಗಾಡಿತು, ಹೊರಗ ಏಳೂ ಕೂಗಾಡಿದವು.
ಹತ್ತಿ ಸುತ್ತಿ ಹಾಸುಗಲ್ಲಿನ ಮ್ಯಾಲ ಇಟ್ಟೆ.
ಕಲ್ಲಿಗಿ ಕಾವು ಗೊತ್ತು, ಹೊರಳಿಸೋದು ಗೊತ್ತಿಲ್ಲ.

ವಾರದ ಮ್ಯಾಲ ಅತ್ತಿ ಅದನ್ನ ಕಿವಿ ಹತ್ತಿರ ಅಲ್ಲಾಡಿಸಿದಳು.
ಒಳಗ ಗುಳುಗುಳು.
"ಇದು ನೋಡು," ಅಂದಳು, "ತಿನ್ನಬಾರದ್ದು."
ರೈಲ್ವೆ ಗ್ವಾಡಿ ಆಚಿಗಿ ಬೀಸಿ ಒಗದಳು.
ಒಡದ ಸಪ್ಪಳ ಕೇಳಲಿಲ್ಲ.
ಗಾಡಿ ಬರಲಾಕತ್ತಿತ್ತು.